ಒರೆಯ ಮರ್ಯಾದೆ

'ಬಗಲಲ್ಲಿ ದೊಣ್ಣೆ, ಕೈಯಲ್ಲಿ ಶರಣಾರ್ಥಿ' ಎಂದು ನಮ್ಮಲ್ಲೊಂದು ಗಾದೆಯುಂಟು. ಆಯುಧ ಹಿಡಿದವನನ್ನು ಈ ಗಾದೆ ಹಳಿಯುವುದಿಲ್ಲ. ಹಿಡಿದ ಆಯುಧವನ್ನು ಮರೆಮಾಡಿದವನನ್ನು ಹಳಿಯುತ್ತದೆ. ದೊಣ್ಣೆ ಕೈಯಲ್ಲೇ ಇದ್ದಿದ್ದರೆ ಅವನು ಕಾವಲುಗಾರನಾಗಬಹುದಾಗಿತ್ತು, ದನ ಕಾಯುವವನಾಗಬಹುದಾಗಿತ್ತು. ಅದು ಬಗಲಿಗೆ ಸೇರಿದೊಡನೆ ಅವನು ಮೋಸಗಾರನಾದ. ಆಯುಧವನ್ನು ಮೈಮೇಲೆ ಹೊರುವ ರೀತಿಯ ಚರಿತ್ರೆಯನ್ನು ಕನ್ನಡನಾಡಿನ ಮಟ್ಟಿಗೆ ಬರೆಯುವವರು ಈ ಗಾದೆಯಿಂದಲೇ ಮೊದಲಿಡಬೇಕೆಂದು ನನಗೆ ತೋರುತ್ತದೆ.

ಈ ವಿಷಯದತ್ತ ನನ್ನ ಗಮನ ಹರಿದುದು ಒಂದು ಶಬ್ದದ ದೆಸೆಯಿಂದ. ಬಸವೇಶ್ವರನಗರದಲ್ಲಿ ನಮ್ಮ ಬೀದಿಯ ನಿವೃತ್ತ ಸೇನಾಧಿಕಾರಿಗಳೊಬ್ಬರು, ಕೊಡಗಿನವರು, 'ಮೇಷ್ಟ್ರೇ, ಹೋಲ್‌ಸ್ಟರ್ ಎಂಬುದಕ್ಕೆ ಕನ್ನಡದಲ್ಲಿ ಏನನ್ನುತ್ತೀರಿ?' ಎಂದು ಕೇಳಿದರು. 'ಒರೆ' ಎಂದೆ. 'ಅದು ಕತ್ತಿಯದಲ್ಲವೆ?' ಎಂದರು. ಅಹುದು, ಕತ್ತಿಯದೇ. ಆದರೆ ಪಿಸ್ತೂಲಿಗೆ ಆ ಶಬ್ದ ಏಕೆ ಸಲ್ಲಬಾರದೆಂದು ಯೋಚಿಸುತ್ತ ಹೋದಂತೆ, ಕೇಳಿದ್ದು ಬರಿಯ ನಿಘಂಟಿನ ಪ್ರಶ್ನೆಯಲ್ಲವೆಂಬುದು ಸ್ಪಷ್ಟವಾಯಿತು.

ನಮ್ಮ ವೀರಗಲ್ಲುಗಳನ್ನು ನೋಡಿರಿ. ಕಾದಿ ಮಡಿದವನ ಕೈಯಲ್ಲಿ ಬಿಲ್ಲೋ ಕತ್ತಿಯೋ ಇದ್ದರೆ, ಎಷ್ಟೋ ಕಲ್ಲುಗಳಲ್ಲಿ ಅವನ ನಡುವಿನಲ್ಲಿ ಸುರಗಿಯೊಂದು ಸಿಕ್ಕಿಸಿರುತ್ತದೆ. ನಡುಗಟ್ಟಿನ ಬಟ್ಟೆ ಅದನ್ನು ಬಿಗಿಹಿಡಿದಿದೆ. ಹಿಡಿ ಹೊರಗೆ ಕಾಣುತ್ತದೆ. ಶಿಲ್ಪಿ ಅದನ್ನು ಮರೆಯಲಿಲ್ಲ, ಏಕೆಂದರೆ ಅದು ಆ ಮನುಷ್ಯನ ಗುರುತಾಗಿತ್ತು. ಹೆಸರುಗಳೂ ಇದನ್ನೇ ಹೇಳುತ್ತವೆ. ವಚನಕಾರರಲ್ಲಿ ಸುರಿಗೆಯ ಚೌಡಯ್ಯನೆಂಬ ಶರಣನಿದ್ದಾನೆ. ವಿಜಯನಗರವನ್ನಾಳಿದ ಸಾಳುವರ ಬಿರುದು 'ಕಠಾರಿ ಸಾಳುವ'. ಚಿತ್ರದುರ್ಗದ ಪಾಳೆಯಗಾರರಲ್ಲೊಬ್ಬ ಬಿಚ್ಚುಗತ್ತಿ ಭರಮಣ್ಣನಾಯಕ. ಅವನ ಕತ್ತಿ ಒರೆಯಿಂದ ಹೊರಗಿದ್ದುದೇ ಅವನ ಹೆಸರಾಯಿತು. ಕತ್ತಿ ಬಿಚ್ಚಿರುವುದು ವಿಶೇಷವೆನಿಸಿ ಹೆಸರಾಗಬೇಕಾದರೆ, ಒರೆಯಲ್ಲಿರುವುದೇ ವಾಡಿಕೆಯಾಗಿದ್ದಿರಬೇಕಷ್ಟೆ. ಆಯುಧ ಎಲ್ಲರಿಗೂ ಕಾಣಬೇಕು, ಆದರೆ ಅದರ ಅಲಗು ಕಾಣಬಾರದು: ಹಳೆಯ ಮರ್ಯಾದೆಯನ್ನು ಹೀಗೆ ಸಂಗ್ರಹಿಸಬಹುದು.

ಈ ಮರ್ಯಾದೆಯ ಅತ್ಯಂತ ಸುಂದರವಾದ ಉದಾಹರಣೆ ಕೊಡಗಿನಲ್ಲಿ ಇಂದಿಗೂ ಉಳಿದಿದೆ. ಕುಪ್ಯ ತೊಟ್ಟ ಕೊಡವನ ಸೊಂಟಕ್ಕೆ ಚೇಲೆಯೆಂಬ ಕೆಂಪು ರೇಷ್ಮೆಯ ನಡುಗಟ್ಟು. ಅದರ ಮುಂಭಾಗದಲ್ಲಿ ಪೀಚೆಕತ್ತಿ. ಅದಕ್ಕೆ ಬೆಳ್ಳಿಯ ಕುಸುರಿ ಮಾಡಿದ ಒರೆ, ಒರೆಗೆ ಸರಪಣಿ. ಬೆನ್ನಿಗೆ ತೊಡಂಗ್ ಎಂಬ ಹಿತ್ತಾಳೆಯ ಹಿಡಿಕೆ. ಅಗಲವೂ ಭಾರವೂ ಆದ, ಬಾಗಿದ ಅಲಗಿನ ಒಡಿಕತ್ತಿ ಅದರಲ್ಲಿ ತೂಗುತ್ತದೆ. ಕಾಡಿನಲ್ಲಿ ನಡೆಯುವವನಿಗೆ ಎರಡು ಕೈಯೂ ಬಿಡುವಾಗಿರಬೇಕು, ಬಾಗಿದಾಗ ಕತ್ತಿ ಜಾರಬಾರದು, ಕುಳಿತಾಗ ಚುಚ್ಚಬಾರದು, ಬೇಕೆಂದಾಗ ಕೈಗೆ ಸಿಗಬೇಕು. ಇಷ್ಟನ್ನೂ ಆ ಸಣ್ಣ ಹಿತ್ತಾಳೆಯ ತುಂಡು ಸಾಧಿಸುತ್ತದೆ. ಚೇಲೆಯ ಹಲವು ಸುತ್ತುಗಳು ಭಾರವನ್ನು ಸೊಂಟದ ಸುತ್ತಲೂ ಹಂಚುತ್ತವೆ. ಇದನ್ನು ಬರಿಯ ಅಲಂಕಾರವೆಂದು ಬಗೆದವರು ಅದರ ಬುದ್ಧಿವಂತಿಕೆಯನ್ನು ಕಾಣಲಿಲ್ಲವೆಂದೇ ಹೇಳಬೇಕು.

ಕತ್ತಿಯ ಮಾತು ಹೀಗಾದರೆ ಕೋವಿಯದು ಬೇರೆ. ಕೋವಿ ಎಂದರೆ ಕೊಳವೆ. ಹೊಸ ವಸ್ತುವಿಗೆ ನಮ್ಮವರು ಕೊಟ್ಟ ಅಚ್ಚಗನ್ನಡದ ಹೆಸರು. ತುಪಾಕಿ ತುರ್ಕರಿಂದ, ಪಾರಸಿಗಳಿಂದ ಬಂದ ಶಬ್ದ. ಉದ್ದನೆಯ ಕೋವಿಯನ್ನು ಬಚ್ಚಿಡುವ ಮಾತೇ ಇರಲಿಲ್ಲ. ಟಿಪ್ಪುಸುಲ್ತಾನನ ಕಾಲದ ಪಿಸ್ತೂಲುಗಳನ್ನು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ಕಾಣಬಹುದು. ಹುಲಿಯ ಚಿಹ್ನೆಗಳಿಂದ ಅಲಂಕೃತವಾದ, ಚಕಮಕಿ ಕಲ್ಲಿನ ಆ ಪಿಸ್ತೂಲುಗಳು ಇಂದಿನ ಜೇಬಿಗೆ ಹಿಡಿಸುವಂಥವಲ್ಲ. ಆ ಕಾಲದಲ್ಲಿ ಸವಾರನ ಪಿಸ್ತೂಲಿನ ಒರೆ ಅವನ ಮೈಮೇಲೆ ಇರುತ್ತಿರಲಿಲ್ಲ, ಕುದುರೆಯ ಜೀನಿನ ಮೇಲಿರುತ್ತಿತ್ತು; ಹೋಲ್‌ಸ್ಟರ್ ಎಂಬ ಶಬ್ದ ಇಂಗ್ಲಿಷಿನಲ್ಲಿ ಮೊದಮೊದಲು ಬಳಕೆಯಾದುದೂ ಆ ಜೀನಿನ ಚೀಲಕ್ಕೇ. 1836ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ತನ್ನ ರಿವಾಲ್ವರಿಗೆ ಅಲ್ಲಿ ಪೇಟೆಂಟು ಪಡೆದ ಮೇಲೆ ಪಿಸ್ತೂಲು ಕುದುರೆಯಿಂದಿಳಿದು ಮನುಷ್ಯನ ಸೊಂಟಕ್ಕೆ, ಸೊಂಟದಿಂದ ಜೇಬಿಗೆ ಬಂದಿತು. ಅಡಗಿಸಬಲ್ಲ ಆಯುಧ ಬಂದೊಡನೆ ಅಡಗಿಸುವುದು ಸರಿಯೇ ಎಂಬ ಪ್ರಶ್ನೆಯೂ ಬಂದಿತು.

ಆದರೆ ನಮ್ಮಲ್ಲಿ ಆ ಪ್ರಶ್ನೆ ಏಳುವ ಮೊದಲೇ ಆಯುಧವೇ ಕೈಬಿಟ್ಟು ಹೋಯಿತು. 1857ರ ದಂಗೆಯ ವರ್ಷ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧ ಒಪ್ಪಿಸಿರೆಂಬ ಅಪ್ಪಣೆ ಬಂದಿತು. ಬೇಟೆ ಅವರ ಬಾಳು. ಆಯುಧ ಕೊಟ್ಟರೆ ಬಾಳನ್ನೇ ಕೊಟ್ಟಂತೆ. ಅವರು ಒಪ್ಪಲಿಲ್ಲ. ಹನುಮ, ಬಾಲ, ಜಡಗ, ರಾಮರೆಂಬ ನಾಲ್ವರ ಮುಂದಾಳುತನದಲ್ಲಿ ಅವರು ತಿರುಗಿಬಿದ್ದುದೂ, ನವೆಂಬರ್ ಕೊನೆಯಲ್ಲಿ ಕುದುರೆಯ ದಂಡು ಬಂದು ಊರಿಗೆ ಬೆಂಕಿಯಿಟ್ಟುದೂ, ಹಲವರನ್ನು ನೇಣಿಗೇರಿಸಿದುದೂ ಲಾವಣಿಯಾಗಿ ಜನರ ಬಾಯಲ್ಲಿ ಉಳಿಯಿತು. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಇಂಗ್ಲಿಷ್ ಅಧಿಕಾರಿಯೇ ಆದ ಜಾನ್ ಫೇತ್‌ಫುಲ್ ಫ್ಲೀಟ್ ಎಂಬುದು ಚರಿತ್ರೆಯ ವಿನೋದ. ಇಂದು ನಮ್ಮ ಮಕ್ಕಳು ಅದನ್ನು ಶಾಲೆಯ ಪಾಠವಾಗಿ ಓದುತ್ತಾರೆ.

ಇದಾದ ಮೂರೂಚಿಲ್ಲರೆ ವರ್ಷಕ್ಕೆ, 1861ರ ಫೆಬ್ರವರಿ 26ರಂದು, ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರ ನಿಷ್ಠೆ, ಶೌರ್ಯಗಳನ್ನು ಹೊಗಳಿ ನಿಶ್ಶಸ್ತ್ರೀಕರಣದ ಕಾಯಿದೆಯಿಂದ ಅವರಿಗೆ ವಿನಾಯಿತಿ ಕೊಟ್ಟ. ಹಲಗಲಿಗೆ ನೇಣು, ಕೊಡಗಿಗೆ ವಿನಾಯಿತಿ! ಎರಡೂ ಕಡೆ ಆಯುಧ ಜನರ ಬದುಕಿನ ಅಂಗವೇ ಆಗಿತ್ತು. ಯಾರು ಆಯುಧ ಹೊರಬಹುದೆಂಬುದನ್ನು ಗೊತ್ತುಮಾಡಿದುದು ಅವರ ಸಂಸ್ಕಾರವಲ್ಲ, ಸರ್ಕಾರದ ನಂಬಿಕೆ. ಈ ವಿನಾಯಿತಿ ಸ್ವಾತಂತ್ರ್ಯಾನಂತರವೂ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಕೈಲ್‌ಪೋಳ್ದ್ ಹಬ್ಬದಲ್ಲಿ ಕೊಡವರ ಮನೆಗಳ ಕೋವಿ ಕತ್ತಿಗಳಿಗೆ ತೋಕ್‌ಪೂ ಮುಡಿಸಿ ಪೂಜಿಸುವುದನ್ನು ಕಂಡವರಿಗೆ ಅಲ್ಲಿ ಆಯುಧ ಮರೆಯ ವಸ್ತುವಲ್ಲವೆಂಬುದು ತಿಳಿದೀತು.

ಉಳಿದ ದೇಶಕ್ಕೆ 1878ರ ಶಸ್ತ್ರ ಕಾಯಿದೆ ಬಂದಿತು. ಅದನ್ನು ಅವಮಾನವೆಂದು ಬಗೆದ ರಾಷ್ಟ್ರೀಯ ನಾಯಕರು 1931ರ ಕರಾಚಿ ಕಾಂಗ್ರೆಸ್ಸಿನಲ್ಲಿ, ನಿಯಮಗಳಿಗೊಳಪಟ್ಟು ಆಯುಧ ಹೊಂದುವುದು ಪೌರನ ಹಕ್ಕೆಂದು ನಿರ್ಣಯ ಮಾಡಿದರು. 1948ರ ಡಿಸೆಂಬರಿನಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು ಆ ಹಕ್ಕನ್ನು ಸಂವಿಧಾನದಲ್ಲಿ ಸೇರಿಸಬೇಕೆಂದು ರಾಜ್ಯಾಂಗ ಸಭೆಯಲ್ಲಿ ತಿದ್ದುಪಡಿ ತಂದರು. ಡಾ. ಅಂಬೇಡ್ಕರರು ಒಪ್ಪಲಿಲ್ಲ; ತಿದ್ದುಪಡಿ ಬಿದ್ದುಹೋಯಿತು. ಹೀಗಾಗಿ ನಮ್ಮಲ್ಲಿ ಆಯುಧವೆಂಬುದು ಹಕ್ಕಲ್ಲ, ಅನುಮತಿ. 1959ರ ಶಸ್ತ್ರ ಕಾಯಿದೆಯ ಜೀವಾಳವೇ ಲೈಸೆನ್ಸು.

ಇಲ್ಲಿ ಅಮೆರಿಕದ ಚರಿತ್ರೆಯನ್ನೊಮ್ಮೆ ನೆನೆಯುವುದು ಸ್ವಾರಸ್ಯಕರ. ಪಿಸ್ತೂಲಿನ ತವರೆಂದು ನಾವು ತಿಳಿದಿರುವ ಆ ದೇಶದಲ್ಲೇ 1813ರಲ್ಲಿ ಕೆಂಟಕಿ, ಲೂಸಿಯಾನ ರಾಜ್ಯಗಳು ಆಯುಧವನ್ನು ಮರೆಮಾಡಿ ಒಯ್ಯುವುದನ್ನು ಕಾಯಿದೆಯಿಂದ ನಿಷೇಧಿಸಿದವು. ಕಾಣುವಂತೆ ಹೊತ್ತವನು ಗಂಡಸು, ಅಡಗಿಸಿ ಹೊತ್ತವನು ಕೊಲೆಗಡುಕನೆಂಬುದು ಅಂದಿನ ಅಲ್ಲಿಯ ವಾದ. ನಮ್ಮ ಬಗಲ ದೊಣ್ಣೆಯ ಗಾದೆಯೂ ಬೇರೇನು ಹೇಳುತ್ತದೆ?

ಇಂದು ಈ ನ್ಯಾಯ ತಲೆಕೆಳಗಾಗಿದೆ. 2016ರ ನಮ್ಮ ಶಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸುದಾರ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲನ್ನು ಒಯ್ಯುವುದಾದರೆ ಅದು ಮೈಗೆ ಕಟ್ಟಿದ ಒರೆಯಲ್ಲಿರಬೇಕು, ಇಲ್ಲವೆ ಬೆನ್ನಚೀಲದಂಥ ಚೀಲದಲ್ಲಿರಬೇಕು, ಪೂರ್ತಿಯಾಗಿ ಮುಚ್ಚಿರಬೇಕು, ಒಯ್ಯುವವನ ಹತೋಟಿಯಲ್ಲಿರಬೇಕು. ಝಳಪಿಸುವಂತಿಲ್ಲ. ಮದುವೆ ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಪರರ ಪ್ರಾಣಕ್ಕೆ ಅಪಾಯ ತರುವುದನ್ನು 2019ರ ತಿದ್ದುಪಡಿ ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಿತು. ಅಂದು ಮರೆಮಾಡಿದವನು ಮೋಸಗಾರ. ಇಂದು ತೋರಿಸಿದವನು ಅಪರಾಧಿ. ಕಾರಣವೂ ಉಂಟು. ಎಲ್ಲರೂ ಎಲ್ಲರನ್ನೂ ಬಲ್ಲ ಹಳ್ಳಿಯಲ್ಲಿ ಸೊಂಟದ ಕತ್ತಿ ಒಬ್ಬನ ಗುರುತಾಗಿತ್ತು. ವಿಜಯನಗರದ ಮೆಟ್ರೋ ನಿಲ್ದಾಣದಲ್ಲೋ ರಾಜಾಜಿನಗರದ ಸಂತೆಗುಂಪಿನಲ್ಲೋ ಸೊಂಟದ ಪಿಸ್ತೂಲು ಅಪರಿಚಿತನೊಬ್ಬನ ಬೆದರಿಕೆಯಾಗುತ್ತದೆ, ಅಷ್ಟೆ.

ಹಾಗಾದರೆ ಹಳೆಯ ಮರ್ಯಾದೆಯಲ್ಲಿ ಉಳಿದುದೇನು? ಒರೆಯೇ ಉಳಿದಿದೆ. ಆಯುಧ ಕಾಣುತ್ತಿದ್ದಾಗ ಹೊತ್ತವನ ಮೇಲೆ ನೂರು ಕಣ್ಣುಗಳ ಕಾವಲಿತ್ತು. ಈಗ ಅದು ಅಂಗಿಯ ಮರೆಗೆ ಹೋಗಿದೆ, ಕಾವಲು ಅವನೊಬ್ಬನದೇ. ಆದುದರಿಂದ ಒರೆಯನ್ನು ಆರಿಸುವುದು ಶೋಕಿಯ ವಿಷಯವಲ್ಲ. ತೊಡಂಗ್ ಮಾಡಿದವನು ಕೇಳಿಕೊಂಡ ಪ್ರಶ್ನೆಗಳೇ ಇಲ್ಲಿಯೂ ಸಲ್ಲುತ್ತವೆ. ಕತ್ತಿಗೆ ಅಲಗು ಹೇಗೋ ಪಿಸ್ತೂಲಿಗೆ ಕುದುರೆ ಹಾಗೆ. ಕುದುರೆ ಎಂದರೆ ಬೆರಳೊತ್ತುವ ಟ್ರಿಗರ್. ಅದು ಪೂರಾ ಮುಚ್ಚಿರಬೇಕು. ಬಟ್ಟೆಯ ಅಂಚಾಗಲಿ ಬೀಗದ ಕೈಯಾಗಲಿ ಒಳಗೆ ನುಸುಳಬಾರದು. ಸ್ಕೂಟರಿನಲ್ಲಿ ಬಾಗಿದಾಗ, ಬಸ್ಸಿನಲ್ಲಿ ನೂಕಿದಾಗ ಜಾರಬಾರದು. ಗಟ್ಟಿಯಾದ ನಡುಪಟ್ಟಿ ಬೇಕು, ಚೇಲೆಯಂತೆ ಭಾರ ಹೊರಲು. ಕುಳಿತರೆ ಒತ್ತುವ ಒರೆಯನ್ನು ಮನುಷ್ಯ ಅರ್ಧದಾರಿಯಲ್ಲಿ ಬಿಚ್ಚಿಡುತ್ತಾನೆ. ಬಿಚ್ಚಿಟ್ಟ ಆಯುಧ ಮತ್ತೊಬ್ಬರ ಕೈಗೆ ಸಿಗುತ್ತದೆ. ಸುಖವೂ ಸುರಕ್ಷೆಯೂ ಇಲ್ಲಿ ಬೇರೆಬೇರೆಯಲ್ಲ. ಚೀಲಕ್ಕೆ ಕಾಯಿದೆಯ ಒಪ್ಪಿಗೆಯಿದ್ದರೂ, ಕಲ್ಯಾಣಮಂಟಪದ ಕುರ್ಚಿಯ ಮೇಲೆ ಚೀಲವನ್ನು ಮರೆತುಬರುವುದು ನಮಗೆಲ್ಲ ಗೊತ್ತಿರುವ ಸಂಗತಿಯೇ.

ಒರೆಯಿಲ್ಲದೆ ಸಿಕ್ಕಿಸಿಕೊಂಡವರ ಗತಿಗೆ ಉದಾಹರಣೆ ದೂರದಲ್ಲಿಲ್ಲ. 2008ರಲ್ಲಿ ನ್ಯೂಯಾರ್ಕಿನಲ್ಲಿ ಪ್ಲಾಕ್ಸಿಕೊ ಬರ್ರೆಸ್ ಎಂಬ ಪ್ರಸಿದ್ಧ ಫುಟ್‌ಬಾಲ್ ಆಟಗಾರ ಷರಾಯಿಯ ಸೊಂಟಕ್ಕೆ ಸಿಕ್ಕಿಸಿದ್ದ ಪಿಸ್ತೂಲು ಜಾರಿ, ಗುಂಡು ಅವನದೇ ತೊಡೆಗೆ ತಗುಲಿತು. ಲೈಸೆನ್ಸೂ ಇರಲಿಲ್ಲವಾಗಿ ಸೆರೆಮನೆಯೂ ಆಯಿತು. 2024ರ ಅಕ್ಟೋಬರ್ 1ರಂದು ಮುಂಬಯಿಯಲ್ಲಿ ಚಿತ್ರನಟ ಗೋವಿಂದ ತಮ್ಮದೇ ಲೈಸೆನ್ಸಿನ ರಿವಾಲ್ವರಿನ ಗುಂಡಿನಿಂದ ಕಾಲಿಗೆ ಗಾಯ ಮಾಡಿಕೊಂಡರು. ಶತ್ರುವಿನ ಸುಳಿವೇ ಇರಲಿಲ್ಲ. ಮನೆಗೆ ಬಂದೊಡನೆ ಗುಂಡು ತೆಗೆದು, ಆಯುಧವನ್ನೂ ಗುಂಡನ್ನೂ ಬೇರೆಬೇರೆ ಬೀಗಗಳಲ್ಲಿಡುವುದು ಪುಕ್ಕಲುತನವಲ್ಲ. ಮನೆಯಲ್ಲಿ ಮಕ್ಕಳಿದ್ದರಂತೂ ಅದಿಲ್ಲದೆ ಆಯುಧವೇ ಬೇಡ.

ಚುನಾವಣೆ ಬಂದಾಗ ನಮ್ಮ ಬಡಾವಣೆಗಳ ಲೈಸೆನ್ಸುದಾರರೂ ಆಯುಧಗಳನ್ನು ಠಾಣೆಗೆ ಒಪ್ಪಿಸಿ ರಸೀತಿ ಪಡೆಯಬೇಕಾಗುತ್ತದೆ. ಹಲಗಲಿಯವರು ಪ್ರಾಣ ಕೊಟ್ಟು ಒಲ್ಲೆನೆಂದುದನ್ನು ಇವರು ಸರತಿಯಲ್ಲಿ ನಿಂತು ಮಾಡುತ್ತಾರೆ. ಇದರಲ್ಲಿ ಹೇಡಿತನವನ್ನು ನಾನು ಕಾಣೆ. ಪರರ ಸರ್ಕಾರ ಕಿತ್ತುಕೊಳ್ಳುವುದಕ್ಕೂ, ನಾವೇ ಆರಿಸುವ ಸರ್ಕಾರದ ಬಳಿ ನಾಲ್ಕು ವಾರ ಇಟ್ಟು ಮರಳಿ ಪಡೆಯುವುದಕ್ಕೂ ಅಂತರವಿದೆ. ಆಯುಧಪೂಜೆಯ ದಿನ ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ ಲೇತುಗಳಿಗೂ ಸ್ಪ್ಯಾನರುಗಳಿಗೂ ಕುಂಕುಮವಿಟ್ಟು ಕುಂಬಳಕಾಯಿ ಒಡೆಯುತ್ತಾರೆ. ನಮ್ಮಲ್ಲಿ ಬಹುಮಂದಿಗೆ ಆಯುಧವೆಂದರೆ ಇಂದು ಅದೇ, ಅಷ್ಟೇ ಸಾಕು. ಪಿಸ್ತೂಲು ಬೇಕೇಬೇಕಾದ ಕೆಲವರು ಅದನ್ನು ಕೊಳ್ಳುವ ಮುನ್ನ ಒರೆಯ ವಿಚಾರ ಮಾಡಲಿ. ಒರೆಯಲ್ಲಿ ಸದಾ ಕಾಪಾಡುವ ತಾಳ್ಮೆ ತಮಗಿದೆಯೇ ಎಂದು ಕೇಳಿಕೊಳ್ಳಲಿ. ಇಲ್ಲವೆಂಬ ಉತ್ತರ ಬಂದರೆ ಅಂಗಡಿಗೆ ಹೋಗದಿರುವುದೇ ಲೇಸು.