ಅಜೀರ್ಣದ ಹಿಂದಿನ ಸೂಕ್ಷ್ಮಜೀವಿ: ಒಂದು ಸಂಶೋಧನೆಯ ಕಥೆ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಯಾವ ಊರಿಗೆ ಹೋದರೂ "ಹೊಟ್ಟಿ ಉರೀತದ, ಹುಳಿ ತೇಗು ಬರ್ತದ, ಉಂಡದ್ದು ಅರಗೂದಿಲ್ಲ" ಎನ್ನುವವರು ಸಿಗುತ್ತಾರೆ. ಇದು ಕನ್ನಡದಲ್ಲಿ ಅಜೀರ್ಣ, ನಮ್ಮ ಮನೆಗಳ ಉರ್ದುವಿನಲ್ಲಿ ಬದ್‌ಹಜ್ಮಿ. ಒಬ್ಬರು ಅಡುಗೆ ಸೋಡಾವನ್ನು ನೀರಿಗೆ ಹಾಕಿ ಕುಡಿಯುತ್ತಾರೆ, ಇನ್ನೊಬ್ಬರು ಲಿಂಬೆ ಹಿಂಡಿದ ಸೋಡಾ ಕುಡಿಯುತ್ತಾರೆ, ಮತ್ತೊಬ್ಬರು ಔಷಧ ಅಂಗಡಿಯಲ್ಲಿ "ಗ್ಯಾಸಿನ ಗುಳಿಗೆ" ಕೇಳಿ ಪಡೆದು ವರ್ಷಗಟ್ಟಲೆ ನುಂಗುತ್ತಾರೆ. ಕೆಂಪು ಖಾರ, ಚಹಾ, ಚಿಂತೆ ಇವೇ ಇದಕ್ಕೆ ಕಾರಣವೆಂಬುದು ನಮ್ಮೆಲ್ಲರ ನಂಬಿಕೆ. ಜಗತ್ತಿನ ದೊಡ್ಡ ದೊಡ್ಡ ವೈದ್ಯರೂ ಬಹುಕಾಲ ಹೆಚ್ಚುಕಡಿಮೆ ಹೀಗೆಯೇ ನಂಬಿದ್ದರು. ಆ ನಂಬಿಕೆ ಹೇಗೆ ಬದಲಾಯಿತು, ಅದರಿಂದ ನಮಗೇನು ಪ್ರಯೋಜನ ಎಂಬುದನ್ನು ತಿಳಿಯೋಣ.

ಆಮ್ಲವೇ ಅಪರಾಧಿ ಎಂದ ಕಾಲ

1910ರಲ್ಲಿ ಕಾರ್ಲ್ ಶ್ವಾರ್ಜ್ ಎಂಬ ಶಸ್ತ್ರವೈದ್ಯರು, ಆಮ್ಲವಿಲ್ಲದೆ ಹೊಟ್ಟೆಯ ಹುಣ್ಣು ಆಗದು ಎಂಬ ಸೂತ್ರ ಹೇಳಿದರು. ಅಲ್ಲಿಂದ ಚಿಕಿತ್ಸೆಯೆಂದರೆ ಆಮ್ಲವನ್ನು ತಗ್ಗಿಸುವುದು ಎಂದಾಯಿತು. ಹಾಲು, ಸಪ್ಪೆ ಊಟ, ವಿಶ್ರಾಂತಿ. ಅದಕ್ಕೂ ಬಗ್ಗದಿದ್ದರೆ ಜಠರದ ಒಂದು ಭಾಗವನ್ನೇ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ. ನಮ್ಮ ದೇಶದಲ್ಲಿ ರೈಲ್ವೆ ವೈದ್ಯ ಡಾ. ಎಸ್.ಎಲ್. ಮಲ್ಹೋತ್ರಾ ಅವರು ದಕ್ಷಿಣ ಮತ್ತು ಉತ್ತರ ಭಾರತದ ಜನರಲ್ಲಿ ಹುಣ್ಣಿನ ಪ್ರಮಾಣ ಬೇರೆ ಬೇರೆಯಾಗಿರುವುದನ್ನು 1964ರಲ್ಲಿ ಬರೆದು, ಊಟದ ಪದ್ಧತಿಯಲ್ಲಿ ಅದರ ಕಾರಣ ಹುಡುಕಿದರು. 1976ರಲ್ಲಿ ಸಿಮೆಟಿಡಿನ್ ಎಂಬ ಆಮ್ಲ ತಗ್ಗಿಸುವ ಗುಳಿಗೆ ಮಾರುಕಟ್ಟೆಗೆ ಬಂದಿತು. ಹುಣ್ಣು ಮಾಯುತ್ತಿತ್ತು, ಆದರೆ ಗುಳಿಗೆ ನಿಲ್ಲಿಸಿದರೆ ಹಲವರಿಗೆ ಮತ್ತೆ ಮರಳುತ್ತಿತ್ತು. ಏಕೆ ಎಂಬ ಪ್ರಶ್ನೆಗೆ ಸರಿಯಾದ ಉತ್ತರವಿರಲಿಲ್ಲ.

ಪರ್ತ್ ನಗರದ ಇಬ್ಬರು ವೈದ್ಯರು

ಆಸ್ಟ್ರೇಲಿಯಾದ ಪರ್ತ್ ನಗರದ ಆಸ್ಪತ್ರೆಯಲ್ಲಿ ರಾಬಿನ್ ವಾರೆನ್ ಎಂಬ ರೋಗಶಾಸ್ತ್ರಜ್ಞರು 1979ರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಜಠರದ ಒಳಪೊರೆಯ ಚೂರನ್ನು ನೋಡುತ್ತಿದ್ದಾಗ ಸುರುಳಿಯಾಕಾರದ ಬ್ಯಾಕ್ಟೀರಿಯಾಗಳನ್ನು ಕಂಡರು. ಅಷ್ಟು ತೀಕ್ಷ್ಣವಾದ ಆಮ್ಲದಲ್ಲಿ ಯಾವ ಜೀವಿಯೂ ಬದುಕದು ಎಂದು ಆಗ ಎಲ್ಲರೂ ತಿಳಿದಿದ್ದರು. 1981ರಲ್ಲಿ ಬ್ಯಾರಿ ಮಾರ್ಷಲ್ ಎಂಬ ಯುವ ವೈದ್ಯರು ಅವರ ಜೊತೆ ಸೇರಿದರು. ಜೀವಿಯನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಪ್ರಯತ್ನ ಮತ್ತೆ ಮತ್ತೆ ವಿಫಲವಾಯಿತು, ಏಕೆಂದರೆ ಎರಡು ದಿನಗಳಲ್ಲಿ ಏನೂ ಬೆಳೆಯದಿದ್ದರೆ ತಟ್ಟೆಯನ್ನು ಎಸೆಯುತ್ತಿದ್ದರು. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಐದಾರು ದಿನ ಹಾಗೇ ಉಳಿದವು. ಆಗ ಜೀವಿ ಬೆಳೆದಿತ್ತು!

ಬಹಳ ವೈದ್ಯರು ಇದನ್ನು ಒಪ್ಪಲಿಲ್ಲ. ಕಡೆಗೆ 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ತುಂಬಿದ ದ್ರಾವಣವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ಓಕರಿಕೆ, ವಾಂತಿ ಆರಂಭವಾದವು. ಹತ್ತನೆಯ ದಿನದ ಎಂಡೋಸ್ಕೋಪಿಯಲ್ಲಿ ಜಠರದ ಉರಿಯೂತವೂ ಬ್ಯಾಕ್ಟೀರಿಯಾವೂ ಕಂಡವು. (ವಿದ್ಯಾರ್ಥಿಗಳೇ, ಅವರ ಧೈರ್ಯವನ್ನು ಮೆಚ್ಚಿರಿ, ಪ್ರಯೋಗವನ್ನು ಅನುಕರಿಸಬೇಡಿರಿ!) ಆ ಜೀವಿಗೆ 1989ರಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಈಗಿನ ಹೆಸರು ಬಂದಿತು. ಅದು ಯೂರಿಯೇಸ್ ಎಂಬ ಕಿಣ್ವದಿಂದ ಅಮೋನಿಯಾ ತಯಾರಿಸಿ, ತನ್ನ ಸುತ್ತಲಿನ ಆಮ್ಲವನ್ನು ಶಮನಗೊಳಿಸಿಕೊಂಡು ಬದುಕುತ್ತದೆ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಇದನ್ನು ಕ್ಯಾನ್ಸರ್ ಕಾರಕಗಳ ಪಟ್ಟಿಗೆ ಸೇರಿಸಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ದೊರೆಯಿತು. ವಾರೆನ್ 2024ರಲ್ಲಿ ತೀರಿಕೊಂಡರು.

ಹುಣ್ಣಿಲ್ಲದ ಅಜೀರ್ಣ

ಹುಣ್ಣಿನ ಮಾತು ಹೀಗಾಯಿತು. ಆದರೆ ಎಂಡೋಸ್ಕೋಪಿಯಲ್ಲಿ ಹುಣ್ಣೇ ಕಾಣದೆ ಹಲವು ವರ್ಷ ಅಜೀರ್ಣದಿಂದ ನರಳುವವರ ಗತಿಯೇನು? 1998ರಲ್ಲಿ ಒಂದೇ ವೈದ್ಯಕೀಯ ಪತ್ರಿಕೆಯಲ್ಲಿ ಎರಡು ಅಧ್ಯಯನಗಳು ಪ್ರಕಟವಾದವು. ಗ್ಲಾಸ್ಗೋ ನಗರದ ಅಧ್ಯಯನದಲ್ಲಿ ಬ್ಯಾಕ್ಟೀರಿಯಾ ನಾಶಪಡಿಸುವ ಚಿಕಿತ್ಸೆ ಪಡೆದವರಲ್ಲಿ 100ಕ್ಕೆ 21 ಜನರಿಗೆ ಒಂದು ವರ್ಷದ ನಂತರ ತೊಂದರೆ ನಿವಾರಣೆಯಾಗಿತ್ತು. ಆಮ್ಲ ತಗ್ಗಿಸುವ ಗುಳಿಗೆ ಮಾತ್ರ ಪಡೆದವರಲ್ಲಿ 7 ಜನರಿಗೆ. ಇನ್ನೊಂದು ಅಧ್ಯಯನದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಮುಂದೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸತ್ಯ ನಡುವೆ ಇತ್ತು: ಸುಮಾರು 14 ಜನರಿಗೆ ಚಿಕಿತ್ಸೆ ಕೊಟ್ಟರೆ, ಅದರಿಂದಲೇ ಗುಣವಾದವರು ಒಬ್ಬರು. ಲಾಭ ಚಿಕ್ಕದು, ಆದರೆ ನಿಜವಾದದ್ದು. ಬ್ಯಾಕ್ಟೀರಿಯಾ ಇದ್ದವರೆಲ್ಲರಿಗೂ ಅಜೀರ್ಣವಾಗುವುದಿಲ್ಲ, ಅಜೀರ್ಣವಾದವರೆಲ್ಲರಿಗೂ ಬ್ಯಾಕ್ಟೀರಿಯಾ ಕಾರಣವಲ್ಲ ಎಂಬುದನ್ನು ನೆನಪಿಡಬೇಕು.

ನಮ್ಮ ಜಿಲ್ಲೆಗೆ ಇದರ ಪಾಠ

ಭಾರತದ ವಯಸ್ಕರಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಜನರಲ್ಲಿ ಈ ಜೀವಿ ಇದೆಯೆಂದು ಅಧ್ಯಯನಗಳು ಹೇಳುತ್ತವೆ. ಇದು ಬಹುತೇಕ ಬಾಲ್ಯದಲ್ಲಿಯೇ, ಮನೆಯೊಳಗೆ ಒಬ್ಬರಿಂದೊಬ್ಬರಿಗೆ ಹರಡುತ್ತದೆ. ಆದ್ದರಿಂದ ಶುದ್ಧ ನೀರು, ಶೌಚಾಲಯ, ಊಟಕ್ಕೆ ಮುಂಚೆ ಕೈ ತೊಳೆಯುವುದು ಇವು ಸಣ್ಣ ಮಾತಲ್ಲ.

ಪರೀಕ್ಷೆಗೆ ದೂರದ ಊರಿಗೆ ಹೋಗಬೇಕಾಗಿಲ್ಲ. ಮಾರ್ಷಲ್ ಪ್ರಯೋಗ ನಡೆಸಿದ 1984ರಲ್ಲಿಯೇ ಬಿಜಾಪುರದಲ್ಲಿ (ಇಂದಿನ ವಿಜಯಪುರ) ಅಲ್-ಅಮೀನ್ ವೈದ್ಯಕೀಯ ಕಾಲೇಜು, 1986ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಕಾಲೇಜು ಆರಂಭವಾದವು. ಇದಕ್ಕೆ ಎಂಡೋಸ್ಕೋಪಿಯಲ್ಲದೆ ಉಸಿರಿನ ಪರೀಕ್ಷೆ, ಮಲಪರೀಕ್ಷೆಗಳೂ ಉಂಟು. ಆಮ್ಲದ ಗುಳಿಗೆ ನುಂಗುತ್ತಿದ್ದರೆ ಫಲಿತಾಂಶ ತಪ್ಪಾಗಬಹುದು; ಆದ್ದರಿಂದ ಏನು ನುಂಗುತ್ತಿದ್ದೀರಿ ಎಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿರಿ. ಸೊಂಟನೋವು, ಕೀಲುನೋವಿಗೆ ನುಂಗುವ ಗುಳಿಗೆಗಳನ್ನೂ ಹೇಳಿರಿ, ಅವುಗಳಿಂದಲೂ ಹುಣ್ಣಾಗುತ್ತದೆ.

ರೋಗ ಖಚಿತವಾದರೆ ಆಮ್ಲ ತಗ್ಗಿಸುವ ಗುಳಿಗೆಯ ಜೊತೆಗೆ ಎರಡು ಅಥವಾ ಹೆಚ್ಚು ಔಷಧಿಗಳನ್ನು ಸಾಮಾನ್ಯವಾಗಿ 14 ದಿನ ಕೊಡುತ್ತಾರೆ. ನಾಲ್ಕು ದಿನಕ್ಕೆ ಹೊಟ್ಟೆ ಹಗುರಾಯಿತೆಂದು ನಿಲ್ಲಿಸುವುದು ನಮ್ಮ ಕಡೆಯ ದೊಡ್ಡ ದುರಭ್ಯಾಸ. ಹೀಗೆ ಅರ್ಧಕ್ಕೆ ಬಿಟ್ಟಾಗ ಉಳಿದ ಬ್ಯಾಕ್ಟೀರಿಯಾ ಔಷಧಿಗೆ ಜಗ್ಗದಂತಾಗುತ್ತದೆ. ಕ್ಲಾರಿತ್ರೋಮೈಸಿನ್, ಮೆಟ್ರೊನಿಡಜೋಲ್ ಔಷಧಿಗಳು ಭಾರತದಲ್ಲಿ ಈಗಾಗಲೇ ಹಲವರಲ್ಲಿ ಕೆಲಸ ಮಾಡುತ್ತಿಲ್ಲ. ಚಿಕಿತ್ಸೆ ಮುಗಿದು ಕನಿಷ್ಠ ನಾಲ್ಕು ವಾರಗಳ ನಂತರ ಮತ್ತೆ ಪರೀಕ್ಷಿಸಿ, ಬ್ಯಾಕ್ಟೀರಿಯಾ ಹೋಗಿದೆಯೇ ಎಂದು ತಿಳಿದುಕೊಳ್ಳಬೇಕು. ಕಪ್ಪು ಮಲ, ರಕ್ತವಾಂತಿ, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ತ್ರಾಸಾಗುವುದು ಇವುಗಳಲ್ಲಿ ಯಾವುದು ಕಂಡರೂ ಒಂದು ದಿನವೂ ತಡಮಾಡಬಾರದು.

ವಿದ್ಯಾರ್ಥಿ ಮಿತ್ರರೇ, ಎಲ್ಲರೂ ಹೇಳುತ್ತಾರೆಂಬ ಕಾರಣಕ್ಕೆ ಒಂದು ಮಾತು ಸತ್ಯವಾಗುವುದಿಲ್ಲ. ವಾರೆನ್ ಕಣ್ಣಿಟ್ಟು ನೋಡಿದರು, ಮಾರ್ಷಲ್ ಪ್ರಶ್ನೆ ಕೇಳಿದರು, ಇಬ್ಬರೂ ಸಾಕ್ಷ್ಯ ಒದಗಿಸಿದರು. ನಿಮ್ಮ ಮನೆಯಲ್ಲಿ ಅಮ್ಮಿಯೋ ಅಬ್ಬಾನೋ ಅಜ್ಜಿಯೋ ಹತ್ತು ವರ್ಷದಿಂದ ಸೋಡಾ ಕುಡಿದು ದಿನ ದೂಡುತ್ತಿದ್ದರೆ, ಅವರ ಕೈಹಿಡಿದು ವೈದ್ಯರ ಬಳಿ ಕರೆದೊಯ್ಯಿರಿ. ಓದಿದ್ದು ಸಾರ್ಥಕವಾಗುವುದು ಅಲ್ಲಿಯೇ.