ವಿವಾಹ ವಿಚ್ಛೇದನ: ದಾಂಪತ್ಯದ ಅವಧಿ ಮತ್ತು ಜೀವನಾಂಶ

ಸಾರ್ವಜನಿಕರ ಮಾಹಿತಿಗಾಗಿ

ದಂಪತಿಗಳು ಎಷ್ಟು ವರ್ಷ ಸಂಸಾರ ನಡೆಸಿದ್ದಾರೆಂಬುದು ಜೀವನಾಂಶದ ನಿರ್ಣಯದಲ್ಲಿ ಮುಖ್ಯ ಅಂಶವಾಗಿರುತ್ತದೆ. ಆದರೆ ಅದೊಂದೇ ಅಂಶವಲ್ಲ. ಹಿಂದೂ ವಿವಾಹ ಅಧಿನಿಯಮ, 1955ರ ಅಡಿಯಲ್ಲಿ ಅರ್ಜಿ ಸಲ್ಲಿಸುವವರ ತಿಳಿವಳಿಕೆಗಾಗಿ ಈ ವಿವರಗಳನ್ನು ನೀಡಲಾಗಿದೆ.

1. ಜೀವನಾಂಶದ ವಿಧಗಳು

ಪ್ರಕರಣ ಇತ್ಯರ್ಥವಾಗುವವರೆಗೆ ಕಲಂ 24ರಡಿ ಮಧ್ಯಂತರ ಜೀವನಾಂಶ ಹಾಗೂ ವ್ಯಾಜ್ಯದ ವೆಚ್ಚವನ್ನು ಕೋರಬಹುದು. ಡಿಕ್ರಿಯ ಸಮಯದಲ್ಲಿ ಅಥವಾ ತದನಂತರ ಕಲಂ 25ರಡಿ ಶಾಶ್ವತ ಜೀವನಾಂಶವನ್ನು ಕೋರಬಹುದು. ಇದನ್ನು ಇಡಿಗಂಟಾಗಿ ಅಥವಾ ಮಾಸಿಕ ಕಂತುಗಳಲ್ಲಿ ಪಾವತಿಸಲು ನ್ಯಾಯಾಲಯವು ಆದೇಶಿಸಬಹುದು. ಪತ್ನಿ, ಪತಿ ಇಬ್ಬರಿಗೂ ಅರ್ಜಿ ಸಲ್ಲಿಸಲು ಅವಕಾಶವಿದೆ.

2. ದಾಂಪತ್ಯದ ಅವಧಿಯ ಪರಿಗಣನೆ

ಇಷ್ಟು ವರ್ಷಕ್ಕೆ ಇಷ್ಟು ಮೊತ್ತವೆಂಬ ಲೆಕ್ಕ ಕಾನೂನಿನಲ್ಲಿಲ್ಲ. ಉಭಯರ ಆದಾಯ, ಆಸ್ತಿ, ನಡತೆ ಹಾಗೂ ಪ್ರಕರಣದ ಇತರ ಸಂದರ್ಭಗಳನ್ನು ನ್ಯಾಯಾಲಯವು ಪರಿಶೀಲಿಸುತ್ತದೆ. ಶಾಶ್ವತ ಜೀವನಾಂಶಕ್ಕೆ ದಾಂಪತ್ಯದ ಅವಧಿಯನ್ನೂ ಪರಿಗಣಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 4-11-2020ರ ತೀರ್ಪಿನಲ್ಲಿ ತಿಳಿಸಿದೆ.

ಅ) ದೀರ್ಘಾವಧಿಯ ದಾಂಪತ್ಯ: ಮಕ್ಕಳ ಪಾಲನೆ, ಹಿರಿಯರ ಆರೈಕೆಗಾಗಿ ಉದ್ಯೋಗ ತ್ಯಜಿಸಿದ ಪತ್ನಿಯು ಹಲವು ವರ್ಷಗಳ ನಂತರ ಪುನಃ ಸಂಪಾದನೆ ಆರಂಭಿಸುವುದು ಸುಲಭವಲ್ಲ. ಓದಿದ್ದಾರೆಂಬ ಒಂದೇ ಕಾರಣದಿಂದ ಜೀವನಾಂಶವನ್ನು ನಿರಾಕರಿಸುವಂತಿಲ್ಲ.

ಆ) ಅಲ್ಪಾವಧಿಯ ದಾಂಪತ್ಯ: ಜೀವನಪರ್ಯಂತ ಜೀವನಾಂಶ ನೀಡಬೇಕೆಂಬ ಆದೇಶವು ನ್ಯಾಯಸಮ್ಮತವಾಗದಿರಬಹುದೆಂದು ಅದೇ ತೀರ್ಪಿನಲ್ಲಿ ಹೇಳಲಾಗಿದೆ. ಆದರೆ ಅವಧಿ ಕಡಿಮೆಯೆಂದ ಮಾತ್ರಕ್ಕೆ ಹಕ್ಕು ಇಲ್ಲವಾಗುವುದಿಲ್ಲ.

ಇ) ಮಕ್ಕಳ ಪೋಷಣೆ ಮತ್ತು ವಿದ್ಯಾಭ್ಯಾಸದ ಹಕ್ಕು ತಂದೆತಾಯಿಯರ ದಾಂಪತ್ಯದ ಅವಧಿಯನ್ನು ಅವಲಂಬಿಸಿರುವುದಿಲ್ಲ. ಸ್ತ್ರೀಧನವು ಪತ್ನಿಯದೇ ಆಗಿರುತ್ತದೆ. ಅದು ಜೀವನಾಂಶದ ಭಾಗವಲ್ಲ.

3. ಪರಸ್ಪರ ಸಮ್ಮತಿಯ ವಿಚ್ಛೇದನ

ಕಲಂ 13-ಬಿ ಅನ್ವಯ ದಂಪತಿಗಳು ಕನಿಷ್ಠ ಒಂದು ವರ್ಷ ಪ್ರತ್ಯೇಕವಾಗಿ ವಾಸಿಸಿರಬೇಕು. ಜಂಟಿ ಅರ್ಜಿಯ ನಂತರದ ಆರು ತಿಂಗಳ ಕಾಲಾವಧಿಯನ್ನು ಸೂಕ್ತ ಪ್ರಕರಣಗಳಲ್ಲಿ ಮನ್ನಾ ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ತೀರ್ಪು ನೀಡಿದೆ. ಒಪ್ಪಂದದಲ್ಲಿ ಮೊತ್ತ, ಪಾವತಿಯ ದಿನಾಂಕ ಹಾಗೂ ಮಕ್ಕಳ ವೆಚ್ಚವನ್ನು ಸ್ಪಷ್ಟವಾಗಿ ಬರೆಸಿ, ಪೂರ್ಣವಾಗಿ ಓದಿ ತಿಳಿದುಕೊಂಡ ನಂತರವೇ ಸಹಿ ಮಾಡತಕ್ಕದ್ದು.

4. ಅರ್ಜಿ ಮತ್ತು ದಾಖಲೆಗಳು

ವಿವಾಹ ನಡೆದ ಸ್ಥಳ, ದಂಪತಿಗಳು ಕೊನೆಯದಾಗಿ ಒಟ್ಟಿಗೆ ವಾಸಿಸಿದ ಸ್ಥಳ, ಎದುರುದಾರರು ವಾಸಿಸುವ ಸ್ಥಳ ಅಥವಾ ಅರ್ಜಿದಾರರು ಪತ್ನಿಯಾಗಿದ್ದಲ್ಲಿ ಅವರು ವಾಸಿಸುವ ಸ್ಥಳದ ನ್ಯಾಯಾಲಯದಲ್ಲಿ ವಿಚ್ಛೇದನದ ಅರ್ಜಿ ಸಲ್ಲಿಸಬಹುದು. ಜೀವನಾಂಶ ಕೋರಿದ ಪ್ರಕರಣಗಳಲ್ಲಿ ಉಭಯರೂ ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರ ಸಲ್ಲಿಸತಕ್ಕದ್ದು. ಈ ಕೆಳಗಿನವುಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು ಸೂಕ್ತ:

• ವಿವಾಹ ನೋಂದಣಿ ಪತ್ರ ಅಥವಾ ಲಗ್ನಪತ್ರಿಕೆ, ಭಾವಚಿತ್ರ
• ಪಡಿತರ ಚೀಟಿ, ಮಕ್ಕಳ ಜನನ ಪ್ರಮಾಣಪತ್ರ
• ವೇತನ ಚೀಟಿ, ಬ್ಯಾಂಕ್ ಪಾಸ್‌ಬುಕ್, ಪಹಣಿ
• ಉದ್ಯೋಗ ತ್ಯಜಿಸಿದ್ದಲ್ಲಿ ಅದರ ದಾಖಲೆ

5. ಆದೇಶದ ಮಾರ್ಪಾಡು

ಪರಿಸ್ಥಿತಿ ಬದಲಾದಲ್ಲಿ ಮೊತ್ತವನ್ನು ಹೆಚ್ಚಿಸಲು, ಇಳಿಸಲು ಅಥವಾ ರದ್ದುಪಡಿಸಲು ಯಾವುದೇ ಪಕ್ಷಗಾರರು ಅರ್ಜಿ ಸಲ್ಲಿಸಬಹುದು. ಜೀವನಾಂಶ ಪಡೆಯುವವರು ಮರುವಿವಾಹವಾದಲ್ಲಿ ಆದೇಶವನ್ನು ಮಾರ್ಪಡಿಸಬಹುದು ಅಥವಾ ರದ್ದುಪಡಿಸಬಹುದು.

6. ಉಚಿತ ಕಾನೂನು ನೆರವು

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಕಲಂ 12ರನ್ವಯ ಮಹಿಳೆಯರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ಸೇವೆಗೆ ಅರ್ಹರು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಅಥವಾ ತಾಲ್ಲೂಕು ಸಮಿತಿಯನ್ನು ಸಂಪರ್ಕಿಸಬಹುದು. ಸಹಾಯವಾಣಿ: 15100.

ಸೂಚನೆ: ಇತರ ವಿವಾಹ ಕಾನೂನುಗಳಡಿ ನಿಯಮಗಳು ಭಿನ್ನವಾಗಿರುತ್ತವೆ. ತನ್ನನ್ನು ತಾನು ಪೋಷಿಸಿಕೊಳ್ಳಲಾಗದ ಪತ್ನಿಯು ಯಾವುದೇ ಧರ್ಮದವರಾಗಿದ್ದರೂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಕಲಂ 144ರಡಿ ಜೀವನಾಂಶ ಕೋರಬಹುದು.