ನಡುವಟ್ಟಂನ ತೊಗಟೆ, ಬಚ್ಚಿಟ್ಟ ಮಾತ್ರೆ

ಗೂಡಲೂರಿನಿಂದ ಊಟಿಗೆ ಘಾಟಿ ಹತ್ತುವವರೆಲ್ಲ ನಡುವಟ್ಟಂ ದಾಟಿಯೇ ಹೋಗಬೇಕು. ಬಸ್ಸು ನಿಂತರೆ ಒಂದು ಟೀ ಕುಡಿದು ಮುಂದೆ ಹೋಗುತ್ತೇವೆ. ಆದರೆ ಒಂದು ಕಾಲದಲ್ಲಿ ಜ್ವರದ ಮದ್ದು ಇಲ್ಲಿಂದಲೇ ಇಳಿದು ಹೋಗುತ್ತಿತ್ತು ಎಂಬುದು ನಮ್ಮ ಮಕ್ಕಳಲ್ಲಿ ಎಷ್ಟು ಜನರಿಗೆ ಗೊತ್ತು?

1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಮ್ ಎಂಬ ಇಂಗ್ಲಿಷರವನು ದಕ್ಷಿಣ ಅಮೆರಿಕದಿಂದ ಸಿಂಕೋನಾ ಗಿಡಗಳನ್ನು ತರಿಸಿದ. ಊಟಿಯ ಸರಕಾರಿ ತೋಟ ನೋಡಿಕೊಳ್ಳುತ್ತಿದ್ದ ಮ್ಯಾಕೈವರ್ ಅವನ್ನು ದೊಡ್ಡಬೆಟ್ಟದಲ್ಲೂ ನಡುವಟ್ಟಂನಲ್ಲೂ ಬೆಳೆಸಿದ. ತೊಗಟೆಯಿಂದ ಕ್ವಿನೈನ್ ತೆಗೆಯುವ ಸರಕಾರಿ ಕಾರ್ಖಾನೆ ನಡುವಟ್ಟಂನಲ್ಲಿ ನಡೆಯಿತು. ಮಲೇರಿಯಾ ಕಾಡುತ್ತಿದ್ದ ಆ ದಿನಗಳಲ್ಲಿ ಕ್ವಿನೈನ್ ಎಂದರೆ ಉಪ್ಪು, ಬೆಂಕಿಪೊಟ್ಟಣದ ಹಾಗೆ ಮನೆಯಲ್ಲಿರಬೇಕಾದ ಸಾಮಾನು. 1892ರಲ್ಲಿ ಬಂಗಾಳದಲ್ಲಿ ಅದನ್ನು ಅಂಚೆ ಕಚೇರಿಯಲ್ಲಿ ಒಂದೊಂದು ಪೈಸೆಯ ಪೊಟ್ಟಣವಾಗಿ ಮಾರಲು ಶುರುಮಾಡಿದರು. ಕಾಗದ ಹಾಕಲು ಹೋದವನು ಮದ್ದನ್ನೂ ತರಬಹುದಿತ್ತು! ನಾಳೆಯೂ ಅದೇ ಬೆಲೆಗೆ ಸಿಗುತ್ತದೆ ಎಂದು ಗೊತ್ತಿದ್ದರೆ ಯಾರು ತಾನೇ ಹತ್ತು ಪೊಟ್ಟಣ ಬಚ್ಚಿಡುತ್ತಾರೆ?

ಆದರೆ ಡಚ್ಚರು ಜಾವಾದಲ್ಲಿ ಬೆಳೆಸಿದ ತಳಿಯ ತೊಗಟೆಯಲ್ಲಿ ನಮ್ಮ ಬೆಟ್ಟದ್ದಕ್ಕಿಂತ ಕ್ವಿನೈನ್ ಬಹಳ ಹೆಚ್ಚಿತ್ತು. 1930ರ ದಶಕಕ್ಕೆ ಲೋಕದ ಸುಮಾರು ಶೇ. 90ರಷ್ಟು ಕ್ವಿನೈನ್ ಜಾವಾದಿಂದಲೇ ಬರುತ್ತಿತ್ತು. ಭಾರತಕ್ಕೂ ಹೆಚ್ಚಿನ ಪಾಲು ಹೊರಗಿನದೇ. 1942ರ ಮಾರ್ಚಿನಲ್ಲಿ ಜಪಾನೀಯರು ಜಾವಾ ಹಿಡಿದರು, ಬಾಗಿಲು ಮುಚ್ಚಿತು. ಮರುವರ್ಷವೇ ಬಂಗಾಳದಲ್ಲಿ ಬರಗಾಲ, ಅದರ ಬೆನ್ನಿಗೆ ಮಲೇರಿಯಾ. ಅಂಗಡಿಯಲ್ಲಿ ಕ್ವಿನೈನ್ ಕಾಣೆಯಾಗಿ ಕಾಳಸಂತೆಯಲ್ಲಿ ಕಾಣಿಸಿಕೊಂಡಿತು. ಅಕ್ಕಿಯ ಕಥೆಯೂ ಅದೇ. ದಾಸ್ತಾನು ಮಾಡುವವರನ್ನು ಹಿಡಿಯಲೆಂದು ಸರಕಾರ 1943ರಲ್ಲೇ ಒಂದು ಸುಗ್ರೀವಾಜ್ಞೆ ತಂದಿತು. ಯುದ್ಧಕಾಲದ ಇಂಥ ಕಟ್ಟಳೆಗಳೇ ಮುಂದೆ 1955ರ ಅಗತ್ಯ ವಸ್ತುಗಳ ಕಾಯ್ದೆಯಾಗಿ ಬೆಳೆದವು.

ಆ ಹಳೇ ಕಾಯ್ದೆಯನ್ನೇ 2020ರಲ್ಲಿ ಕೊರೋನಾ ಬಂದಾಗ ಮತ್ತೆ ಹೊರತೆಗೆದರು. ಮಾರ್ಚ್ 13ರಂದು ಮಾಸ್ಕ್ ಮತ್ತು ಸ್ಯಾನಿಟೈಸರ್ ಅಗತ್ಯ ವಸ್ತುಗಳ ಪಟ್ಟಿಗೆ ಸೇರಿದವು. ಮಾರ್ಚ್ 21ಕ್ಕೆ ಬೆಲೆಯೂ ಗೊತ್ತಾಯಿತು: ಮೂರು ಪದರದ ಮಾಸ್ಕಿಗೆ 10 ರೂಪಾಯಿ, 200 ಮಿಲಿ ಸ್ಯಾನಿಟೈಸರಿಗೆ 100 ರೂಪಾಯಿ.

ಇನ್ನೊಂದು ವಿಚಿತ್ರ ನೋಡಿ. ಕ್ವಿನೈನಿಗೆ ಬದಲಿ ಹುಡುಕುತ್ತಾ ಜರ್ಮನರು 1934ರಲ್ಲಿ ಕಂಡುಹಿಡಿದದ್ದು ಕ್ಲೋರೋಕ್ವಿನ್. ಅದರ ತಮ್ಮನೇ ಹೈಡ್ರಾಕ್ಸಿಕ್ಲೋರೋಕ್ವಿನ್. ಕೊರೋನಾಕ್ಕೆ ಇದೇ ಮದ್ದು ಎಂಬ ಮಾತು ಹಬ್ಬಿದ್ದೇ ತಡ, ಜನ ಔಷಧಿ ಅಂಗಡಿಗೆ ಮುಗಿಬಿದ್ದರು. (1994ರಲ್ಲಿ ಸೂರತ್ತಿನ ಪ್ಲೇಗಿನ ಸುದ್ದಿಗೆ ಟೆಟ್ರಾಸೈಕ್ಲಿನ್ ಮಾತ್ರೆ ಮಾಯವಾಗಿದ್ದೂ ಹೀಗೆಯೇ.) ಮಾರ್ಚ್ 26ರಂದು ಕೇಂದ್ರ ಸರಕಾರ ಮಾರಾಟವನ್ನು ಬಿಗಿ ಮಾಡಿತು. ಜೂನ್ ಹೊತ್ತಿಗೆ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು, ಆಸ್ಪತ್ರೆ ಸೇರಿದ ರೋಗಿಗಳಿಗೆ ಇದರಿಂದ ಪ್ರಯೋಜನವಿಲ್ಲ ಎಂದಿತು. ಅಷ್ಟರಲ್ಲಿ ಪರದಾಡಿದವರು ಸಂಧಿವಾತ, ಲೂಪಸ್ ಇರುವವರು. ಅವರಿಗೆ ಈ ಮಾತ್ರೆ ದಿನವೂ ಬೇಕು.

ಅಕ್ಕಿ ಬೇಳೆಯ ವಿಷಯಕ್ಕೆ ಬರೋಣ. ಮಾರ್ಚ್ 24ರ ರಾತ್ರಿ 8ಕ್ಕೆ ಪ್ರಧಾನಿ ಮಾತಾಡಿದರು, 12ಕ್ಕೆ ದೇಶ ಮುಚ್ಚಿತು. ನಡುವೆ ಇದ್ದದ್ದು ನಾಲ್ಕೇ ಗಂಟೆ. ನಮ್ಮ ಬೆಟ್ಟದಲ್ಲಿ ಕ್ಯಾರೆಟ್, ಕೋಸು, ಆಲೂಗಡ್ಡೆ ಧಾರಾಳ. ಆದರೆ ಅಕ್ಕಿ ಬಹುಪಾಲು ಲಾರಿಯಲ್ಲಿ ಘಾಟಿ ಹತ್ತಿಯೇ ಬರಬೇಕು. ಹಾಗಾಗಿ ಒಂದು ಚೀಲ ಹೆಚ್ಚಿಗೆ ಹೊತ್ತವರನ್ನು ದುರಾಸೆಯವರೆಂದು ಬೈಯುವುದು ನಮಗೆ ಸರಿಕಾಣುವುದಿಲ್ಲ. ಆದರೆ ತಿಂಗಳ ಸಂಬಳ ಬರುವ ನಮ್ಮಂಥವರು ಮಾತ್ರ ಹಾಗೆ ಹೊರಬಲ್ಲರು. ಟೀ ತೋಟದ ದಿನಗೂಲಿಯವರು ಏನನ್ನು ಬಚ್ಚಿಡುತ್ತಾರೆ? ಅವರು ಅಂಗಡಿಗೆ ಬರುವ ಹೊತ್ತಿಗೆ ಬೆಲೆ ಏರಿರುತ್ತದೆ, ಇಲ್ಲವೇ ಸಾಮಾನೇ ಇರುವುದಿಲ್ಲ.

ಅವರ ಕೈ ಹಿಡಿದದ್ದು ರೇಷನ್ ಅಂಗಡಿ. ಏಪ್ರಿಲ್ 2ರಿಂದ ತಮಿಳುನಾಡಿನ ಅಕ್ಕಿ ಕಾರ್ಡಿನವರಿಗೆ 1000 ರೂಪಾಯಿ, ಉಚಿತ ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ. ನೂಕುನುಗ್ಗಲು ಆಗದಂತೆ ದಿನ, ಹೊತ್ತು ಬರೆದ ಟೋಕನ್ ಮೊದಲೇ ಕೊಟ್ಟರು. ನನ್ನ ಪಾಲು ನನಗಿದೆ ಎಂಬ ಧೈರ್ಯ ಆ ಚೀಟಿಯಲ್ಲಿತ್ತು. ಅಂಚೆ ಕಚೇರಿಯ ಪೈಸೆ ಪೊಟ್ಟಣದಲ್ಲಿ ಇದ್ದದ್ದೂ ಅದೇ ಅಲ್ಲವೇ?

ಅದೇ ತಿಂಗಳು 26ರಿಂದ ಚೆನ್ನೈ, ಕೊಯಮತ್ತೂರು, ಮಧುರೆಯಲ್ಲಿ ನಾಲ್ಕು ದಿನ ಎಲ್ಲವೂ ಬಂದ್ ಎಂದು ಎರಡು ದಿನ ಮೊದಲು ಸಾರಿದರು. 25ರಂದು ಮಾರುಕಟ್ಟೆಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ರೋಗ ಹರಡದಿರಲಿ ಎಂದು ಮಾಡಿದ ಕಟ್ಟಳೆಯೇ ಜನರನ್ನು ಒಂದೆಡೆ ಗುಂಪುಗೂಡಿಸಿತು. 2021ರ ಮೇ 22, 23ರಂದೂ ಹೀಗೆಯೇ ಆಯಿತು. ಆದರೆ ಆ ಸಲ 24ರಿಂದ ತೋಟಗಾರಿಕೆ ಇಲಾಖೆ ವಾಹನಗಳಲ್ಲಿ ತರಕಾರಿ ಹೇರಿಕೊಂಡು ಬೀದಿ ಬೀದಿಗೆ ಕಳಿಸಿತು.